ಹಳೆಯದು ಮೊದಲು

“‘ಆ’ ಅನ್ನು ಮಗು. ಇನ್ನೂ ಸ್ವಲ್ಪ. ಹಾಂ, ಹಾಗೇ ಇರು.”

ಡಾಕ್ಟರಮ್ಮ ಕುರ್ಚಿಯಲ್ಲಿ ಒರಗಿದ್ದ ಹುಡುಗಿಯ ಬಾಯಿಯೊಳಗೆ ಪುಟ್ಟ ಕನ್ನಡಿ ಇಳಿಸಿ, ತಲೆಯ ಮೇಲಿದ್ದ ದೀಪವನ್ನು ಒಂದಿಷ್ಟು ಕೆಳಗೆ ಎಳೆದುಕೊಂಡರು. ಗೋಡೆ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಅವಳ ಅಪ್ಪ ಕತ್ತು ಉದ್ದ ಮಾಡಿ ನೋಡಿದ. ಅವನಿಗೆ ಕಂಡದ್ದು ಮಗಳ ಗದ್ದ, ಗಟ್ಟಿಯಾಗಿ ಹಿಡಿದ ಕುರ್ಚಿಯ ಕೈ, ಮತ್ತು ಡಾಕ್ಟರಮ್ಮನ ಹುಬ್ಬು ಗಂಟಿಕ್ಕಿದ್ದು.

“ಕೋರೆಹಲ್ಲಿನ ಹತ್ರ ಟ್ರೇ ಕೂತೇ ಇಲ್ವಲ್ಲ,” ಎಂದರು ಡಾಕ್ಟರಮ್ಮ, ಓರೆ ಹಲ್ಲು ನೇರವಾಗಲೆಂದು ತೊಡಿಸಿದ್ದ ತೆಳು ಪ್ಲಾಸ್ಟಿಕ್ ಅಚ್ಚನ್ನು ಮುಟ್ಟಿ. “ಬನ್ನಿ, ನೀವೇ ನೋಡಿ. ಉಗುರು ತೂರುವಷ್ಟು ಸಂದಿ ಇದೆ. ದಿನಾ ಎಷ್ಟು ಹೊತ್ತು ಹಾಕ್ಕೋತೀಯಮ್ಮ?”

“ಯಾವಾಗ್ಲೂ. ತಿನ್ನೋವಾಗ, ಹಲ್ಲುಜ್ಜೋವಾಗ ಮಾತ್ರ ತೆಗೀತೀನಿ.”

“ನಿಜ ಹೇಳು. ನಾನೇನೂ ಬೈಯಲ್ಲ.”

“ನಿಜಾನೇ ಡಾಕ್ಟ್ರೇ.”

ಡಾಕ್ಟರಮ್ಮ ಅಪ್ಪನ ಕಡೆ ತಿರುಗಿ ಸಣ್ಣಗೆ ನಕ್ಕರು. “ಬಾಯಿ ಏನು ಬೇಕಾದ್ರೂ ಹೇಳುತ್ತೆ. ಹಲ್ಲನ್ನ ಕೇಳಿದ್ರೆ ಬೇರೇನೇ ಹೇಳುತ್ತೆ.” ಅದು ಅವರು ದಿನಕ್ಕೆ ಹತ್ತು ಮಕ್ಕಳಿಗೆ ಆಡುವ ತಮಾಷೆಯಿರಬೇಕು. ಆದರೆ ಅಪ್ಪನಿಗೆ ಅದು ತಮಾಷೆಯಾಗಿ ಕೇಳಿಸಲಿಲ್ಲ.

“ಈಗ ಯಾವ ಟ್ರೇ ನಡೀತಿದೆ?”

ಮಗಳು ಬಾಯಿ ತೆರೆಯುವಷ್ಟರಲ್ಲಿ ಅಪ್ಪನೇ ಉತ್ತರ ಕೊಟ್ಟ. “ಅದರ ಚಿಂತೆ ನಿಮಗೆ ಬೇಡ ಡಾಕ್ಟ್ರೇ. ಎಲ್ಲಾ ನನ್ನ ಕೈಯಲ್ಲೇ ಇದೆ. ನಂಬರ್ ಪ್ರಕಾರ ಕೊಡ್ತಿದ್ದೀನಿ, ಒಂದೂ ಆಚೀಚೆ ಆಗಿಲ್ಲ.”

ಹೊರಗೆ ಕಾಯುತ್ತಿದ್ದವರಲ್ಲಿ ಒಂದು ಮಗು ರಚ್ಚೆ ಹಿಡಿದು ಅಳುತ್ತಿತ್ತು. ಡಾಕ್ಟರಮ್ಮ ತಲೆಯಾಡಿಸಿ ಕೈಗವಸು ಕಳಚಿದರು. “ಇನ್ನೊಂದು ಸಲ ನೋಡೋಣ. ಹೀಗೇ ಆದ್ರೆ ಇದರಲ್ಲಿ ಆಗಲ್ಲ, ತಂತಿ ಹಾಕ್ಬೇಕಾಗುತ್ತೆ. ಹಲ್ಲಿಗೆ ಅಂಟಿಸಿದ ಮೇಲೆ ಅದನ್ನ ತೆಗೆಯೋದು ಇವಳ ಕೈಲಿ ಇರಲ್ಲ ನೋಡಿ.”

ಮಗಳ ಮುಖ ಸಪ್ಪಗಾಯಿತು. ತಂತಿಯ ಮಾತು ಬಂದರೆ ಅವಳಿಗೆ ಟ್ರಂಪೆಟ್ಟಿನ ನೆನಪು ಬರುತ್ತಿತ್ತು. ಕಾಲೇಜಿನ ಬ್ಯಾಂಡಿನಲ್ಲಿ ಅವಳದು ಟ್ರಂಪೆಟ್. ವಾರ್ಷಿಕೋತ್ಸವಕ್ಕೆ ಒಂದು ಹಾಡಿನ ನಡುವೆ ಅವಳೊಬ್ಬಳೇ ನಿಂತು ನುಡಿಸುವ ಸೋಲೋ ಅವಳಿಗೆ ಸಿಕ್ಕಿತ್ತು. ಟ್ರಂಪೆಟ್ಟಿನ ಬಾಯಿಯನ್ನು ತುಟಿಗೆ ಒತ್ತಿ ಹಿಡಿಯಬೇಕು. ತುಟಿಯ ಹಿಂದೆ ಲೋಹದ ತಂತಿಯಿದ್ದರೆ ತುಟಿ ಕುಯ್ಯುತ್ತದೆ, ರೂಢಿಯಾಗಲು ತಿಂಗಳುಗಟ್ಟಲೆ ಬೇಕು. ಹಾಗಾಗಿಯೇ ಮೊದಲ ದಿನ ತಂತಿ ಬೇಡ, ತೆಗೆದು ಹಾಕುವ ಈ ತೆಳು ಪ್ಲಾಸ್ಟಿಕ್ ಟ್ರೇಗಳೇ ಇರಲಿ ಎಂದು ಅವಳು ಅಂಗಲಾಚಿದ್ದು, ಅಪ್ಪ ಒಪ್ಪಿದ್ದು.

ಒಪ್ಪಿದ್ದೇನೋ ನಿಜ. ಆದರೆ ಅವತ್ತೇ ಅವನಿಗೆ ಒಂದು ವಿಷಯ ಹಿಡಿಸಿರಲಿಲ್ಲ. ಆ ಟ್ರೇ ಹಾಕಿಕೊಂಡರೂ ಕಾಣುವುದಿಲ್ಲ, ಹಾಕಿಕೊಳ್ಳದಿದ್ದರೂ ಕಾಣುವುದಿಲ್ಲ. ಕಣ್ಣಿಗೆ ಕಾಣದ ವಸ್ತುವನ್ನು ಒಬ್ಬರ ಕೈಗೆ ಕೊಟ್ಟು ನೆಮ್ಮದಿಯಿಂದ ಇರುವುದು ಅವನ ಜಾಯಮಾನವಲ್ಲ.

ಅವನು ಬಸ್ ಡಿಪೋದ ಸ್ಟೋರ್‌ಕೀಪರ್. ಬೇರಿಂಗು, ಬೆಲ್ಟು, ಬ್ರೇಕ್ ಲೈನಿಂಗು, ಬಲ್ಬು, ನಟ್ಟು ಬೋಲ್ಟುಗಳೆಲ್ಲ ತಂತಿಬಲೆಯ ಕಿಟಕಿಯ ಹಿಂದೆ ಅವನ ಸುಪರ್ದಿಯಲ್ಲಿದ್ದವು. ಮೆಕ್ಯಾನಿಕ್ ಬಂದು ಹೊಸ ಬಲ್ಬು ಕೇಳಿದರೆ ಅವನ ಬಾಯಿಂದ ಬರುವ ಮೊದಲ ಮಾತು, “ಹಳೇದೆಲ್ಲಿ?” ಸುಟ್ಟ ಬಲ್ಬು ಕಿಟಕಿಯ ಮೇಲೆ ಬಿದ್ದರೆ ಮಾತ್ರ ಹೊಸದು ಹೊರಬರುತ್ತಿತ್ತು. ಡಿಪೋದಲ್ಲಿ ಅವನ ಬೆನ್ನ ಹಿಂದೆ ಎಲ್ಲರೂ ಅವನನ್ನು ‘ಹಳೇದೆಲ್ಲಿ’ ಎಂದೇ ಕರೆಯುತ್ತಿದ್ದರು. ಎಷ್ಟೋ ವರ್ಷದ ಹಿಂದೆ, ತಮ್ಮನ ಹಾಗೆ ನಂಬಿದ್ದ ಒಬ್ಬ ಫಿಟ್ಟರ್ ಅವನ ಕಣ್ಣಿಗೆ ಮಣ್ಣೆರಚಿ ಬೇರಿಂಗುಗಳನ್ನು ಸಾಗಿಸಿದ್ದ. ಅಂದಿನಿಂದ ನಂಬಿಕೆ ಎಂಬ ಸಾಮಾನು ಅವನ ಸ್ಟೋರಿನಲ್ಲಿ ಇರಲಿಲ್ಲ.

ಸ್ಟೋರಿನ ಇನ್ನೊಂದು ನಿಯಮ, ಹಳೆಯದು ಮೊದಲು. ಹೊಸ ಮಾಲು ಬಂದರೆ ಅದು ಹಿಂದಿನ ಸಾಲಿಗೆ. ಮೊದಲೇ ಇದ್ದದ್ದು ಮುಂದಿನ ಸಾಲಿಗೆ. ಮುಂದಿನದು ಖಾಲಿಯಾಗದೆ ಹಿಂದಿನದಕ್ಕೆ ಕೈ ಹಾಕುವ ಹಾಗಿಲ್ಲ. ಇದನ್ನು ಅವನು ಯೋಚಿಸಿ ಮಾಡುವ ಕಾಲ ಎಂದೋ ಹೋಗಿತ್ತು. ಈಗ ಕೈ ತಾನೇ ಮಾಡುತ್ತಿತ್ತು. ಮನೆಯಲ್ಲೂ ಅದೇ ಕಾನೂನು. ಸೋಪು ತೆಳ್ಳಗಾಗಿ ಕೈಗೆ ಸಿಗದಂತಾದರೂ ಅದರ ಚೂರು ತೋರಿಸದೆ ಹೊಸದು ಸಿಗುತ್ತಿರಲಿಲ್ಲ. ಪರದೆ ಹೊಲಿಯುವ ಅಂಗಡಿಯಲ್ಲಿ ದುಡಿಯುವ ಅವನ ಹೆಂಡತಿ ಬಂದವರ ಮುಂದೆ, “ನಮ್ಮನೇಲಿ ಹೊಸ ಹೆಂಡತಿ ಬರ್ದೇ ಇರೋದು ಹಳಬಳು ಇನ್ನೂ ಸವೆದಿಲ್ಲ ಅಂತ ಅಷ್ಟೇ,” ಎಂದು ನಗುತ್ತಿದ್ದಳು. ಅವನೂ ನಗುತ್ತಿದ್ದ, ಆದರೆ ಕಪಾಟಿನ ಕೀಲಿ ಸೊಂಟದಿಂದ ಇಳಿಯುತ್ತಿರಲಿಲ್ಲ.

ಮಗಳ ಟ್ರೇಗಳೂ ಆ ಕಪಾಟಿಗೇ ಸೇರಿದ್ದವು. ಒಂದೊಂದು ಪೊಟ್ಟಣದಲ್ಲಿ ಮೇಲಿನದೊಂದು ಕೆಳಗಿನದೊಂದು, ಪೊಟ್ಟಣದ ಮೇಲೆ ನಂಬರು. ಎರಡು ವಾರ ಒಂದನ್ನು ಹಾಕಿಕೊಂಡು ಹಲ್ಲು ಕೂದಲೆಳೆಯಷ್ಟು ಜರುಗಿದ ಮೇಲೆ ಮುಂದಿನದಕ್ಕೆ ಹೋಗಬೇಕು. ಸರದಿಯ ದಿನ ಬೆಳಗ್ಗೆ ಮಗಳು ಹಳೆಯ ಟ್ರೇ ತೊಳೆದು, ಒರೆಸಿ, ಅಪ್ಪನ ಅಂಗೈ ಮೇಲೆ ಇಡಬೇಕು. ಆಮೇಲೆ ಅಪ್ಪ ಕೀಲಿ ತಿರುಗಿಸಿ ಹೊಸದನ್ನು ಕೊಡುತ್ತಿದ್ದ. ಹಳೆಯವೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಸಾಲಾಗಿ ಕೂತಿದ್ದವು. ಮೊದಮೊದಲು ಮಗಳಿಗೆ ಇದೊಂದು ಆಟವಾಗಿತ್ತು. “ಹಳೇದೆಲ್ಲಿ ಸಾರ್, ಇಲ್ಲಿದೆ ಸಾರ್,” ಎಂದು ಸೆಲ್ಯೂಟ್ ಹೊಡೆದು ಕೊಡುತ್ತಿದ್ದಳು.

ಹೀಗೆ ನಡೆಯುತ್ತಿರುವಾಗ ಒಂದು ಭೇಟಿಯಲ್ಲಿ ಡಾಕ್ಟರಮ್ಮ, ಕೋರೆಹಲ್ಲು ಎಣಿಸಿದಷ್ಟು ತಿರುಗುತ್ತಿಲ್ಲ, ಮತ್ತೆ ಅಳತೆ ತೆಗೆದು ಬೇರೆ ಟ್ರೇ ಮಾಡಿಸುತ್ತೇನೆ ಎಂದಿದ್ದರು. ಅವರು ಅಪ್ಪನಿಗೆ ಇದನ್ನು ವಿವರಿಸುವಾಗ ಮಗಳು ಸಿಂಕಿನ ಮುಂದೆ ಬಾಯಿ ಮುಕ್ಕಳಿಸುತ್ತಿದ್ದಳು. ಕೆಲವು ವಾರಗಳಾದ ಮೇಲೆ, ಮಗಳಿಗೆ ಪರೀಕ್ಷೆಯಿದ್ದದ್ದರಿಂದ, ಕೆಲಸ ಮುಗಿಸಿ ಬರುವ ದಾರಿಯಲ್ಲಿ ಅಪ್ಪನೊಬ್ಬನೇ ಕ್ಲಿನಿಕ್ಕಿಗೆ ಹೋದ. ಡಾಕ್ಟರಮ್ಮ ಇರಲಿಲ್ಲ. ರಿಸೆಪ್ಷನ್ ಮೇಜಿನ ಹುಡುಗಿ ಅಂಟುಪಟ್ಟಿ ಸುತ್ತಿದ ಬಿಳಿ ಪೆಟ್ಟಿಗೆ ಕೊಟ್ಟು, “ಹೊಸ ಸೆಟ್ ಬಂದಿದೆ ಅಂಕಲ್, ಇನ್ಮೇಲೆ ಇದನ್ನ ಹಾಕ್ಕೊಳ್ಳಿ ಅಂತ ಹೇಳಿ,” ಎಂದಳು. ಅವನು ಪೆಟ್ಟಿಗೆಯ ನಾಲ್ಕೂ ಮೂಲೆ ನೋಡಿ, ಜಜ್ಜಿಲ್ಲವೆಂದು ಖಾತ್ರಿ ಮಾಡಿಕೊಂಡು ತೆಗೆದುಕೊಂಡ. ಮನೆಗೆ ಬಂದು ಕಪಾಟು ತೆರೆದ. ಉಳಿದಿದ್ದ ಹಳೆಯ ಪೊಟ್ಟಣಗಳನ್ನು ಮುಂದಕ್ಕೆ ಎಳೆದು, ಪೆಟ್ಟಿಗೆಯನ್ನು ಹಿಂದಕ್ಕೆ ಸರಿಸಿ, ಬೀಗ ಹಾಕಿದ.

“ಹೊಸದು ಬಂತಾ ಅಪ್ಪ?” ಎಂದು ಮಗಳು ಕೇಳಿದ್ದಳು.

“ಬಂತು. ಸರದಿ ಬಂದಾಗ ಕೊಡ್ತೀನಿ.”

ಅಲ್ಲಿಗೆ ಆ ಮಾತು ಮುಗಿದಿತ್ತು.

ಈಗ ಕ್ಲಿನಿಕ್ಕಿನಿಂದ ಮರಳುವ ಬಸ್ಸಿನಲ್ಲಿ ಅವನಿಗೆ ಆ ಪೆಟ್ಟಿಗೆಯ ನೆನಪು ಬರಲೇ ಇಲ್ಲ. ಅವನ ಮನಸ್ಸು ಪೂರಾ ಮಗಳ ಬಾಯಿಯಲ್ಲಿತ್ತು. ಉಗುರು ತೂರುವಷ್ಟು ಸಂದಿ! ಸುಮ್ಮಸುಮ್ಮನೆ ಸಂದಿ ಆಗುತ್ತದೆಯೇ? ಕಿಟಕಿ ಪಕ್ಕ ಕೂತ ಅವಳು ಫೋನಿನಲ್ಲಿ ಯಾರಿಗೋ ಏನೋ ಬರೆಯುತ್ತಿದ್ದಳು. ಈ ಗೆಳತಿಯರ ಜೊತೆ ಮಾತಾಡುವಾಗ ತೊದಲುತ್ತದೆಂದು ತೆಗೆದಿಡುತ್ತಾಳೋ, ಬ್ಯಾಂಡಿನಲ್ಲಿ ಊದುವುದಕ್ಕೆ ಅಡ್ಡಿಯೆಂದು ತೆಗೆದಿಡುತ್ತಾಳೋ? ಟ್ರೇ ಹಾಕಿಕೊಂಡೇ ಊದಬಹುದು, ನಾನು ಹಾಗೇ ಊದುತ್ತೇನೆ ಎಂದು ಅವಳೇ ಹೇಳಿದ್ದಳು. ಅವಳು ಹೇಳಿದ್ದು ಅಷ್ಟೇ. ಅನುಮಾನದ ಹುಳು ಒಮ್ಮೆ ಹೊಕ್ಕ ಮೇಲೆ ಅದಕ್ಕೆ ಮೇವಿಗೇನು ಬರ?

ಮಾರನೆಯ ಬೆಳಗ್ಗೆಯಿಂದ ಹೊಸ ಕಾನೂನು ಬಂತು. ಮನೆ ಬಿಡುವ ಮುಂಚೆ ಬಾಗಿಲಲ್ಲಿ ನಿಂತು ಮಗಳು ಬಾಯಿ ತೆರೆಯಬೇಕು. ಅಪ್ಪ ಟಾರ್ಚು ಬಿಟ್ಟು ನೋಡಬೇಕು.

“ಇದೇನಪ್ಪ, ನಾನೇನು ಬಸ್ಸಾ?” ಎಂದಳು ಮೊದಲ ದಿನ.

“ತಪ್ಪು ಮಾಡ್ದೇ ಇದ್ರೆ ತೋರ್ಸೋಕೆ ಏನು ಕಷ್ಟ?”

ಅವಳು ತೆರೆದಳು. ದೀಪದ ಬೆಳಕಿಗೆ ಟ್ರೇ ಒದ್ದೆಯಾಗಿ ಹೊಳೆಯಿತು. ಇದೆ. ಸರಿ, ಈಗ ಇದೆ. ಬೀದಿ ದಾಟಿದ ಮೇಲೆ? ಸಂಜೆ ಬಂದಾಗ ಮತ್ತೆ ಟಾರ್ಚು. ಅವಳು ಬಚ್ಚಲಿಗೆ ಹೋದರೆ ಇವನು ಹೊರಗೆ ಸುಳಿದಾಡುವನು. ಟ್ರೇ ಇಡುವ ಪುಟ್ಟ ಡಬ್ಬಿಯನ್ನು ಮೂಸಿ ನೋಡುವನು, ಒಳಗೆ ಬೆರಳಾಡಿಸಿ ಒದ್ದೆಯಿದೆಯೇ ನೋಡುವನು. ಒದ್ದೆಯಿದ್ದರೆ ಈಗಷ್ಟೇ ತೆಗೆದಿಟ್ಟಿದ್ದಳು ಎಂದು ಅನುಮಾನ. ಒಣಗಿದ್ದರೆ ಒರೆಸಿಟ್ಟಿದ್ದಾಳೆ ಎಂದು ಅನುಮಾನ.

ಸರದಿಯ ದಿನ ಬಂದು ಮುಂದಿನ ಪೊಟ್ಟಣ ಕೊಟ್ಟ ಮೇಲಂತೂ ಮಗಳ ಪಾಡು ಕೆಟ್ಟಿತು. ಟ್ರೇ ಕೂರಲೆಂದು ಕಚ್ಚಲು ಕೊಟ್ಟಿದ್ದ ರಬ್ಬರಿನ ತುಂಡನ್ನು ಅವಳು ಹೊತ್ತುಗೊತ್ತಿಲ್ಲದೆ ಕಚ್ಚುತ್ತಿದ್ದಳು. ಓದುವಾಗಲೂ ಕಟಕ್ ಕಟಕ್ ಸದ್ದು.

“ಅಪ್ಪಾ, ಇದು ಕೂರ್ತಾನೇ ಇಲ್ಲ. ಎಷ್ಟು ಕಚ್ಚಿದ್ರೂ ಒಂದು ಕಡೆ ಎದ್ದು ಬರುತ್ತೆ. ಅಂಚು ಕುಯ್ದು ಹುಣ್ಣಾಗಿದೆ.”

“ಸರಿಯಾಗಿ ಹಾಕ್ಕೊಂಡಿದ್ರೆ ಯಾಕೆ ಏಳುತ್ತೆ? ಹಿಂದಿನದನ್ನ ತೆಗೆದು ತೆಗೆದು ಇಟ್ಟಿದ್ದಕ್ಕೆ ಈಗ ಇದು ಕೂರ್ತಿಲ್ಲ.”

“ನಾನು ತೆಗೆದಿಟ್ಟಿಲ್ಲ.”

“ಹಂಗಾದ್ರೆ ಡಾಕ್ಟರು ಸುಳ್ಳಾ?”

ಅಡುಗೆಮನೆಯಿಂದ ಹೆಂಡತಿ ಬಂದಳು. “ಒಂದ್ಸಲ ಡಾಕ್ಟರಿಗೆ ಫೋನ್ ಮಾಡಿ ಕೇಳಬಾರ್ದಾ? ಮಗು ಊಟ ಬಿಟ್ಟಿದೆ.”

“ಫೋನ್ ಮಾಡಿ ಏನಂತ ಹೇಳ್ಲಿ? ನಿನ್ನ ಮಗಳು ಸುಳ್ಳಿ ಅಂತ ಹೇಳ್ಲಾ?”

“ಹಲ್ಲು ಓರೆ ಇದ್ರೂ ನನ್ನ ಮಗಳು, ಸುಳ್ಳು ಹೇಳಿದ್ರೂ ನನ್ನ ಮಗಳು. ನಿಮ್ಮ ಮಗಳು ಯಾವಾಗ ಆಗ್ತಾಳೆ, ಅದನ್ನ ಸ್ವಲ್ಪ ಹೇಳಿ.”

ತನಗೆ ಮಗಳ ಮೇಲೆ ಪ್ರೀತಿಯಿಲ್ಲವೆಂದು ಈ ಹೆಂಗಸು ತಿಳಿದಿದ್ದಾಳೆಯೇ? ಪ್ರೀತಿಯಿಲ್ಲದಿದ್ದರೆ ಯಾಕೆ ಇಷ್ಟು ಒದ್ದಾಡಬೇಕು? ಹುಡುಗಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ನೋಡಿ ನೋಡಿ ಅವನ ಕರುಳು ಚುರುಕ್ ಅಂದದ್ದಕ್ಕೇ ಅಲ್ಲವೇ ಈ ಹಲ್ಲಿನ ಉಸಾಬರಿ ಶುರುವಾದದ್ದು? ಅವಳು ತನ್ನ ಒಳ್ಳೆಯದನ್ನೇ ತಾನು ಹಾಳು ಮಾಡಿಕೊಳ್ಳುತ್ತಿದ್ದಾಳೆ ಎಂಬುದೇ ಅವನ ಸಂಕಟ. ಆ ಸಂಕಟ ನಿಜವಾಗಿತ್ತು. ಅದಕ್ಕೇ ಅದು ಇನ್ನೂ ಕೆಟ್ಟದಾಗಿತ್ತು.

ಒಂದು ಸಂಜೆ ಅವನು ಡಿಪೋದಿಂದ ಬೇಗ ಹೊರಟು ನೇರ ಕಾಲೇಜಿಗೆ ಹೋದ. ಬ್ಯಾಂಡಿನ ಅಭ್ಯಾಸ ಕೆಳಮಹಡಿಯ ಉದ್ದನೆಯ ಕೋಣೆಯಲ್ಲಿ ನಡೆಯುತ್ತಿತ್ತು. ಕಿಟಕಿಯ ಗಾಜಿಗೆ ಮುಖ ತಂದು ನೋಡಿದ. ಇಪ್ಪತ್ತು ಮೂವತ್ತು ಮಕ್ಕಳು, ಮಡಚುವ ಕುರ್ಚಿಗಳು, ಕಾಲಿನಲ್ಲಿ ತಾಳ ಹಾಕುತ್ತಿದ್ದ ಬೋಳುತಲೆಯ ಬ್ಯಾಂಡ್ ಮೇಷ್ಟ್ರು. ಮಗಳು ಎದ್ದು ನಿಂತಿದ್ದಳು. ಉಳಿದವರೆಲ್ಲ ವಾದ್ಯ ತೊಡೆಯ ಮೇಲಿಟ್ಟು ಅವಳನ್ನೇ ನೋಡುತ್ತಿದ್ದರು. ಅವಳು ನುಡಿಸುತ್ತಿದ್ದದ್ದು ಚೆನ್ನಾಗಿತ್ತು. ಸಂಗೀತದ ಗಂಧಗಾಳಿ ಇಲ್ಲದ ಅವನಿಗೂ ಅದು ತಿಳಿಯಿತು. ಒಂದು ಕ್ಷಣ ಬಂದ ಕೆಲಸ ಮರೆತೇಹೋಯಿತು. ಆಮೇಲೆ, ಇಷ್ಟು ಸಲೀಸಾಗಿ ಊದುತ್ತಿದ್ದಾಳಲ್ಲ, ಬಾಯಲ್ಲಿ ಏನೂ ಇಲ್ಲದವಳ ಹಾಗೆ, ಎನಿಸಿತು.

ಸೋಲೋ ಮುಗಿದು ಮಕ್ಕಳು ನೀರು ಕುಡಿಯಲು ಎದ್ದಾಗ ಅವನು ಒಳಗೆ ನಡೆದ. ಮಗಳ ಮುಖದಲ್ಲಿ ಮೊದಲು ಸಂತೋಷ ಕಂಡಿತು. ಅಪ್ಪ ಕೇಳಲಿಕ್ಕೆ ಬಂದಿದ್ದಾನೆ ಅಂದುಕೊಂಡಳು ಪಾಪ. ಅವನು ಅವಳ ಬ್ಯಾಗಿನ ಬಳಿ ಕುಕ್ಕರುಗಾಲಲ್ಲಿ ಕೂತು ಜಿಪ್ ಎಳೆದ. ಪುಸ್ತಕ, ಬಾಚಣಿಗೆ, ಅರ್ಧ ತಿಂದ ಬನ್ನು, ಕೊನೆಗೆ ಟ್ರೇಯ ಡಬ್ಬಿ. ತೆರೆದ. ಖಾಲಿ.

“ಎಲ್ಲಿ?”

“ಏನಪ್ಪ ಇದು, ಎಲ್ರೂ ನೋಡ್ತಿದ್ದಾರೆ.”

“ಎಲ್ಲಿ ಅಂದೆ. ಬಾಯಿ ತೆಗಿ.”

ಬ್ಯಾಂಡ್ ಮೇಷ್ಟ್ರು ಎರಡು ಹೆಜ್ಜೆ ಮುಂದೆ ಬಂದರು. ಮಗಳು ಟ್ರಂಪೆಟ್ಟನ್ನು ಎದೆಗೆ ಅವಚಿಕೊಂಡು, ಕಣ್ಣು ಮುಚ್ಚಿ, ಬಾಯಿ ತೆರೆದಳು. ಟ್ರೇ ಅಲ್ಲೇ ಇತ್ತು. ಅದರ ಅಂಚಿನಲ್ಲಿ, ವಸಡಿನ ಬಳಿ, ಗುಲಾಬಿ ಬಣ್ಣದ ರಕ್ತದ ಗೆರೆಯೊಂದಿತ್ತು.

ಅವನಿಗೆ ಭೂಮಿಗಿಳಿದು ಹೋದಂತಾಯಿತು. ಆದರೆ ಹೊರಗೆ ಬಂದು ಬಸ್ ಸ್ಟಾಪಿಗೆ ನಡೆಯುವಷ್ಟರಲ್ಲಿ ಹುಳು ಮತ್ತೆ ಎದ್ದಿತ್ತು: ಕಿಟಕಿಯಲ್ಲಿ ನನ್ನ ಮುಖ ಕಂಡಿರಬೇಕು, ಚಕ್ಕನೆ ಹಾಕಿಕೊಂಡಿರಬೇಕು.

ಅಂದು ಮಗಳು ಮನೆಗೆ ಬಂದವಳು ಶೂ ಕೂಡ ಬಿಚ್ಚದೆ ಅವನ ಎದುರಿಗೆ ನಿಂತಳು. ಅತ್ತಿದ್ದಳು, ಆದರೆ ಈಗ ಅಳುತ್ತಿರಲಿಲ್ಲ.

“ಅಪ್ಪ, ನಂಗೆ ತಂತಿ ಹಾಕಿಸ್ಬಿಡಿ.”

“ಏನು?”

“ಅಂಟಿಸಿದ್ರೆ ತೆಗೆಯೋಕಾಗಲ್ಲ ಅಂದ್ರಲ್ಲ ಡಾಕ್ಟರು. ಅದನ್ನೇ ಹಾಕಿಸಿ. ಆಗ ದೂರದಿಂದ್ಲೂ ಕಾಣುತ್ತೆ. ನೀವು ಬ್ಯಾಗ್ ನೋಡೋದೂ ಬೇಡ, ಬಾಯಿ ನೋಡೋದೂ ಬೇಡ.”

“ಟ್ರಂಪೆಟ್ಟು?” ಎಂದಳು ತಾಯಿ, ಬಾಗಿಲಲ್ಲಿ ನಿಂತು.

“ಸೋಲೋ ಬೇರೆಯವರಿಗೆ ಕೊಡಿ ಅಂತ ಮೇಷ್ಟ್ರಿಗೆ ಹೇಳ್ಬಿಟ್ಟು ಬಂದೆ. ಕ್ಲಾರಿನೆಟ್ ಹುಡುಗನಿಗೆ ಕೊಟ್ಟಾಯ್ತು.”

ಅವಳು ಟ್ರಂಪೆಟ್ಟಿನ ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದ ಸದ್ದು ಇಬ್ಬರಿಗೂ ಕೇಳಿಸಿತು. ಹೆಂಡತಿ ಗಂಡನ ಮುಖ ನೋಡಿದಳು. ಅವನು ಟಾರ್ಚಿನ ಸೆಲ್ಲು ಬಿಚ್ಚಿ ಮತ್ತೆ ಹಾಕುತ್ತಾ ಕೂತ.

ತಂತಿ ಹಾಕುವ ದಿನ ಡಾಕ್ಟರಮ್ಮ ಉಳಿದ ಟ್ರೇಗಳನ್ನೆಲ್ಲ ತರಲು ಹೇಳಿದ್ದರು. ಅವನು ಹೇಳಿದ್ದಕ್ಕಿಂತ ಹೆಚ್ಚೇ ತಂದಿದ್ದ. ಒಂದು ಚೀಲದಲ್ಲಿ ಬಿಸ್ಕತ್ತಿನ ಡಬ್ಬಿ, ಹಳೆಯದೆಲ್ಲ ಸಾಲಾಗಿ. ಅದರ ಪಕ್ಕ ಬಿಳಿ ಪೆಟ್ಟಿಗೆ. ತನ್ನ ಕಡೆಯಿಂದ ಒಂದೂ ಕಳೆದಿಲ್ಲ ಎಂಬುದು ಎಲ್ಲರಿಗೂ ತಿಳಿಯಲಿ ಎಂದು ಅವನ ಮನಸ್ಸಿನಲ್ಲಿತ್ತು.

ಒಳಗೆ ಮಗಳು ಕುರ್ಚಿಯಲ್ಲಿ ಒರಗಿದ್ದಳು. ಸಹಾಯಕಿ ಅವಳ ತುಟಿಗಳನ್ನು ಹಿಂದಕ್ಕೆ ಎಳೆದು ಹಿಡಿಯುವ ಪ್ಲಾಸ್ಟಿಕ್ ಕೊಕ್ಕೆ ತೊಡಿಸಿದ್ದಳು. ಅದು ಹಾಕಿದ ಮೇಲೆ ಬಾಯಿ ಮುಚ್ಚಲಾಗುವುದಿಲ್ಲ, ಮಾತೂ ಆಡಲಾಗುವುದಿಲ್ಲ. ಹಲ್ಲುಗಳೆಲ್ಲ ಹೊರಗೆ ಕಂಡು, ನೋಡುವವರಿಗೆ ಅವಳು ಜೋರಾಗಿ ನಗುತ್ತಿರುವ ಹಾಗೆ ಕಾಣುತ್ತಿತ್ತು. ಕಣ್ಣು ಮಾತ್ರ ಮೇಲಿನ ದೀಪವನ್ನು ನೋಡುತ್ತಿತ್ತು. ಪಕ್ಕದ ತಟ್ಟೆಯಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಲೋಹದ ಚೂರುಗಳು ಸಾಲಾಗಿದ್ದವು.

ಡಾಕ್ಟರಮ್ಮ ಕೈಗವಸು ಏರಿಸುತ್ತಾ ಮೇಜಿನ ಮೇಲೆ ಅವನು ಇಟ್ಟದ್ದರ ಕಡೆ ಕಣ್ಣು ಹಾಯಿಸಿದರು. ಏರಿಸುತ್ತಿದ್ದ ಕೈ ಅಲ್ಲೇ ನಿಂತಿತು. ಬಿಳಿ ಪೆಟ್ಟಿಗೆಯನ್ನು ಎತ್ತಿ ತಿರುಗಿಸಿ ನೋಡಿದರು.

“ಇದರ ಅಂಟುಪಟ್ಟಿ ಬಿಚ್ಚೇ ಇಲ್ಲ.”

“ಇಲ್ಲ ಡಾಕ್ಟ್ರೇ. ಅದು ಬಂದ ಹಾಗೇ ಇದೆ,” ಎಂದ ಅವನು, ಸ್ವಲ್ಪ ಹೆಮ್ಮೆಯಿಂದಲೇ.

“ಹಂಗಾದ್ರೆ ಇವಳು ಇಷ್ಟು ದಿನ ಹಾಕ್ಕೊಂಡಿದ್ದು ಯಾವುದು?”

“ಮೊದಲಿನದೇ. ಹಳೇದು ಇನ್ನೂ ಉಳಿದಿತ್ತಲ್ಲ, ಅದು ಮುಗೀಲಿ, ಆಮೇಲೆ ಹೊಸದು ಕೊಡೋಣ ಅಂತ…”

ವಾಕ್ಯ ಅಲ್ಲಿಗೇ ನಿಂತುಹೋಯಿತು. ಡಾಕ್ಟರಮ್ಮ ಇನ್ನೂ ಏನೂ ಹೇಳಿರಲಿಲ್ಲ. ಆದರೂ ಅವನಿಗೆ ಎಲ್ಲ ಗೊತ್ತಾಗಿತ್ತು.

“ಹಳೇದು ಆ ಹಲ್ಲಿಗೆ ಸರಿ ಹೋಗ್ತಿಲ್ಲ ಅಂತಾನೇ ಅಲ್ವಾ ಮತ್ತೆ ಅಳತೆ ತೆಗೆದು ಇದನ್ನ ಮಾಡಿಸಿದ್ದು?” ಡಾಕ್ಟರಮ್ಮನ ದನಿ ಏರಲಿಲ್ಲ, ಏರಿದ್ದರೆ ಅವನಿಗೆ ಸುಲಭವಾಗುತ್ತಿತ್ತು. “ಇದು ಬಂದ ದಿನವೇ ಅದನ್ನ ಬಿಟ್ಟುಬಿಡಬೇಕಿತ್ತು. ಕೂರದ ಟ್ರೇನ ಇಷ್ಟು ದಿನ ಹೇಗೆ ತಡ್ಕೊಂಡ್ಳು ಇವಳು?” ಆಮೇಲೆ ತಮಗೇ ಹೇಳಿಕೊಂಡ ಹಾಗೆ, “ಅವತ್ತು ನಾನೂ ಟ್ರೇ ಮೇಲಿನ ನಂಬರ್ ನೋಡ್ಬೇಕಿತ್ತು. ನೀವು ಹೇಳಿದ್ದನ್ನ ನಂಬಿಬಿಟ್ಟೆ,” ಎಂದರು.

ಮಗಳು ಕುರ್ಚಿಯಲ್ಲಿ ಕತ್ತು ಹೊರಳಿಸಿದಳು. ಬಾಯಿ ಹಾಗೇ ಅಗಲವಾಗಿ ತೆರೆದಿತ್ತು. ಹಲ್ಲುಗಳೆಲ್ಲ ನಗುತ್ತಿದ್ದವು, ಕಣ್ಣುಗಳು ಅಪ್ಪನನ್ನು ನೋಡುತ್ತಿದ್ದವು. ಅವಳು ಏನಾದರೂ ಅಂದಿದ್ದರೆ, ಬೈದಿದ್ದರೆ, ಅವನು ಏನಾದರೂ ಅನ್ನಬಹುದಿತ್ತು. ಆ ಕೊಕ್ಕೆಯ ದೆಸೆಯಿಂದ ಅವಳು ಏನೂ ಅನ್ನುವಂತಿರಲಿಲ್ಲ. ಕಣ್ಣಿನ ಮೂಲೆಯಿಂದ ನೀರು ಕಿವಿಯ ಕಡೆಗೆ ಹರಿಯಿತು. ಸಹಾಯಕಿ ಹತ್ತಿಯಿಂದ ಅದನ್ನು ಒರೆಸಿದಳು.

ಡಾಕ್ಟರಮ್ಮ ಕತ್ತರಿಯಿಂದ ಅಂಟುಪಟ್ಟಿ ಸೀಳಿ ಮೊದಲ ಪೊಟ್ಟಣ ತೆಗೆದರು. “ಕೂತ್ರೆ ನಮ್ಮ ಪುಣ್ಯ. ಇಲ್ಲದಿದ್ರೆ ಮತ್ತೆ ಅಳತೆ.” ಮೇಲಿನ ಟ್ರೇಯನ್ನು ಹಲ್ಲಿನ ಮೇಲಿಟ್ಟು ಎರಡು ಹೆಬ್ಬೆರಳಿನಿಂದ ಒತ್ತಿದರು. ಬಿಗಿಯಿತ್ತು. ಇನ್ನೊಮ್ಮೆ ಒತ್ತಿದಾಗ ಕೋಣೆಯಲ್ಲೆಲ್ಲ ಕೇಳುವಂತೆ ‘ಟಕ್’ ಎಂದು ಕೂತುಕೊಂಡಿತು. ತಟ್ಟೆಯಲ್ಲಿದ್ದ ಲೋಹದ ಚೂರುಗಳನ್ನು ಸಹಾಯಕಿ ಮೆಲ್ಲಗೆ ಒಳಗೆ ಕೊಂಡೊಯ್ದಳು.

ಮರಳುವ ಬಸ್ಸಿನಲ್ಲಿ ಅವನು ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. “ಸ್ಟೋರಲ್ಲಿ ಹಂಗೇ ರೂಢಿ ಆಗ್ಬಿಟ್ಟಿದೆ ಪುಟ್ಟೀ,” ಎಂದ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ, “ಮೇಷ್ಟ್ರನ್ನ ನಾನೇ ಕಂಡು ಹೇಳ್ಲಾ? ಸೋಲೋ ವಾಪಸ್ ಕೊಡಿ ಅಂತ?” ಎಂದ.

“ಬೇಡ. ಆ ಹುಡುಗ ಆಗ್ಲೇ ಕಲೀತಿದ್ದಾನೆ.”

ರಾತ್ರಿ ಊಟಕ್ಕೆ ಕೂರುವ ಮುಂಚೆ ಅವನು ಬಿಳಿ ಪೆಟ್ಟಿಗೆಯನ್ನು ಕಪಾಟಿಗೆ ಹಾಕದೆ ಮಗಳ ಮೇಜಿನ ಮೇಲಿಟ್ಟ. ಟಾರ್ಚನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದ. ಹೆಂಡತಿಗೆ ಹೇಳುವವನ ಹಾಗೆ, ಆದರೆ ಒಳಕೋಣೆಗೆ ಕೇಳುವಷ್ಟು ಗಟ್ಟಿಯಾಗಿ, “ನಾಳೆಯಿಂದ ಬಾಯಿ ತೋರಿಸೋದೆಲ್ಲ ಏನೂ ಬೇಡ,” ಎಂದ. ತಪ್ಪಾಯಿತು ಎಂಬ ಒಂದು ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ಅದನ್ನು ಉಗುಳಿನ ಜೊತೆ ನುಂಗಿದ. ಹೆಂಡತಿ ಅವನ ತಟ್ಟೆಗೆ ಸಾರು ಬಡಿಸಿದಳು, ಅಷ್ಟೇ.

ಬೆಳಗ್ಗೆ ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಮಗಳು ಬಂದಳು. ಭುಜಕ್ಕೆ ಬ್ಯಾಗ್ ಮಾತ್ರ ಇತ್ತು. ಟ್ರಂಪೆಟ್ಟಿನ ಪೆಟ್ಟಿಗೆ ಮಂಚದ ಕೆಳಗೇ ಉಳಿದಿತ್ತು. ದಿನವೂ ನಿಲ್ಲುವ ಕಡೆ, ಕಾಲೊರಸಿನ ಮೇಲೆ, ಅವನಿಗೆ ಎದುರಾಗಿ ನಿಂತಳು. ಬಾಯಿ ತೆರೆದಳು.

“ಬೇಡಮ್ಮ. ನಿನ್ನೆ ಹೇಳಿದ್ನಲ್ಲ.”

ಅವಳು ಮುಚ್ಚಲಿಲ್ಲ.

“ಬೇಡ ಅಂದ್ನಲ್ಲ ಪುಟ್ಟೀ. ಬಸ್ಸಿಗೆ ಹೊತ್ತಾಗುತ್ತೆ.”

ಅವಳು ಹಾಗೇ ನಿಂತಿದ್ದಳು. ಸಿಟ್ಟಿನ ಮುಖವಲ್ಲ, ಅಳುವ ಮುಖವೂ ಅಲ್ಲ. ಸರದಿಯಲ್ಲಿ ನಿಂತು ಕಾಯುವವರ ಮುಖ. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದವಳು ಕೈಯಲ್ಲಿದ್ದ ಪಾತ್ರೆ ಕೆಳಗಿಡಲೂ ಮರೆತು ನಿಂತಳು. ಕೊನೆಗೆ ಅವನು ಒಂದು ಹೆಜ್ಜೆ ಹತ್ತಿರ ಬಂದು ಬಾಗಿದ. ಟಾರ್ಚು ಬೇಕಾಗಲಿಲ್ಲ, ತೆರೆದ ಬಾಗಿಲಿನಿಂದ ಬೆಳಗಿನ ಬೆಳಕು ನೇರವಾಗಿ ಬೀಳುತ್ತಿತ್ತು. ಇಷ್ಟು ದಿನ ಅವನು ನೋಡಿದ್ದು ಟ್ರೇ ಇದೆಯೋ ಇಲ್ಲವೋ ಎಂಬುದನ್ನು ಮಾತ್ರ. ಇವತ್ತು ಕೆನ್ನೆಯ ಒಳಗಿನ ಬಿಳಿಯ ಹುಣ್ಣುಗಳು ಕಂಡವು. ವಸಡಿನ ಮೇಲೆ ಹಳೆಯ ಅಂಚು ಕುಯ್ದ ಕೆಂಪು ಗೆರೆ ಕಂಡಿತು. ಕೋರೆಹಲ್ಲಿನ ಬಳಿ ಸಂದಿ ಇರಲಿಲ್ಲ.

“ಸಾಕು,” ಎಂದ.

ಅವಳು ಬಾಯಿ ಮುಚ್ಚಿ ತುಟಿಯ ಮೂಲೆ ಒರೆಸಿಕೊಂಡಳು. “ಸರಿಯಾಗಿ ನೋಡಿದ್ರಾ?”

“ನೋಡ್ದೆ.”

ಅವಳು ಜೇಬಿನಿಂದ ಏನೋ ತೆಗೆದು ಅವನ ಅಂಗೈ ಮೇಲಿಟ್ಟು ಮೆಟ್ಟಿಲಿಳಿದು ಹೋದಳು. ನಿನ್ನೆ ಬಾಯಿಂದ ತೆಗೆದ ಹಳೆಯ ಟ್ರೇ. ತೊಳೆದಿತ್ತು, ಒರೆಸಿತ್ತು, ಭಾರವೇ ಇರಲಿಲ್ಲ. ಇವತ್ತು ಅವನು ಅದನ್ನು ಕೇಳಿರಲಿಲ್ಲ.